ಬರಿಗಾಲಿನ ವ್ರತ ಹಿಡಿದ ಆವಿಲಾದ ತೆರೇಸಾ

ಸ್ಪೇನ್ ದೇಶದ ಆವಿಲಾ ನಗರದಲ್ಲಿ 1515ರಲ್ಲಿ ಜನಿಸಿದ ತೆರೇಸಾ, ಇಪ್ಪತ್ತನೆಯ ವಯಸ್ಸಿನಲ್ಲಿ ಕ್ಯಾಥೊಲಿಕ್ ಕ್ರೈಸ್ತರ ಕಾರ್ಮೆಲ್ ಸಂನ್ಯಾಸಸಭೆಯನ್ನು ಸೇರಿದರು. ಕೊಲ್ಕತ್ತೆಯ ಮದರ್ ತೆರೇಸಾ ಇವರಲ್ಲ. ಅವರು ಇವರಿಗಿಂತ ಬಹಳ ಈಚಿನವರು. ಕಾರ್ಮೆಲ್ ಸಭೆಯ ಮೂಲನಿಯಮ ಉಗ್ರವಾದುದು: ಮಾಂಸವರ್ಜನೆ, ಮೌನ, ಸೆಪ್ಟೆಂಬರ್ 14ರಿಂದ ಈಸ್ಟರ್ ಹಬ್ಬದವರೆಗೆ ಭಾನುವಾರಗಳ ಹೊರತು ನಿತ್ಯ ಉಪವಾಸ. ಆದರೆ 15ನೆಯ ಶತಮಾನದಲ್ಲಿಯೇ ಪೋಪರ ಅನುಮತಿಯಿಂದ ಅದು ಸಡಿಲಗೊಂಡಿತ್ತು. ತೆರೇಸಾ ಸೇರಿದ ಮಠದಲ್ಲಿ ನೂರಕ್ಕೂ ಮಿಕ್ಕಿ ಸಂನ್ಯಾಸಿನಿಯರಿದ್ದರು. ಸಿರಿವಂತ ಮನೆತನದವರಿಗೆ ಪ್ರತ್ಯೇಕ ಕೊಠಡಿ. ಬಡವರಿಗೆ ಎಲ್ಲರೂ ಮಲಗುವ ಶಾಲೆ. ಸಂನ್ಯಾಸದಲ್ಲಿಯೂ ಮನೆತನದ ಅಂತಸ್ತು ಬಿಟ್ಟಿರಲಿಲ್ಲ! ಆ ಸಡಿಲಿಕೆಯಲ್ಲಿಯೇ ತೆರೇಸಾ ಎರಡು ದಶಕಗಳಿಗೂ ಮೀರಿ ಬಾಳಿದರು.

1562ರ ಆಗಸ್ಟ್ 24ರಂದು ನಾಲ್ವರು ಕನ್ಯೆಯರೊಡನೆ, ಸಂತ ಜೋಸೆಫರ ಹೆಸರಿನಲ್ಲಿ ಸಣ್ಣದೊಂದು ಮಠ ಆವಿಲಾದಲ್ಲಿ ಆರಂಭವಾಯಿತು. ಅದಕ್ಕೆ ನಿಶ್ಚಿತ ಆದಾಯವಿರಲಿಲ್ಲ. ದಾನ ಮತ್ತು ಕೈಕೆಲಸವೇ ಆಧಾರ. ಮಠದ ಹೊರೆ ಊರಿನ ಮೇಲೆ ಬೀಳುವುದೆಂದು ನಗರದ ಅಧಿಕಾರಿಗಳು ಅದನ್ನು ಮುಚ್ಚಿಸಲು ಹೊರಟರು. ತೆರೇಸಾ ಜಗ್ಗಲಿಲ್ಲ. ಪಾದರಕ್ಷೆಯನ್ನು ತೊರೆದ ಈ ಶಾಖೆಯವರಿಗೆ ಬರಿಗಾಲಿನವರೆಂಬ ಹೆಸರು ಬಂದಿತು.

ಹೆಸರು ಹೀಗಿದ್ದರೂ, ತೆರೇಸಾ ಬರೆದ ನಿಯಮಾವಳಿಯಲ್ಲಿ ನಾರಿನ ಮೆಟ್ಟಿಗೆ ಅವಕಾಶವಿತ್ತು. ಪಾದವನ್ನು ನೋಯಿಸುವುದು ಅವರ ಗುರಿಯಾಗಿರಲಿಲ್ಲ, ಬಡವರಂತೆ ಬಾಳುವುದಾಗಿತ್ತು. 1568ರಲ್ಲಿ ಶಿಲುಬೆಯ ಯೋಹಾನ ಮೊದಲಾದವರು ದುರುಯೇಲೊ ಎಂಬ ಕುಗ್ರಾಮದಲ್ಲಿ ಇದೇ ಶಾಖೆಯ ಪುರುಷರ ಮಠವನ್ನು ತೆರೆದರು. ಮರುವರ್ಷ ತೆರೇಸಾ ಅಲ್ಲಿಗೆ ಹೋದಾಗ, ಆ ತಪಸ್ವಿಗಳು ಹಿಮದಲ್ಲಿಯೂ ಬರಿಗಾಲಿನಲ್ಲಿಯೇ ಸುತ್ತಲಿನ ಹಳ್ಳಿಗಳಿಗೆ ಬೋಧನೆಗೆ ನಡೆಯುತ್ತಿದ್ದರು. ಅತಿಯಾದ ದೇಹದಂಡನೆಯಿಂದ ಆರೋಗ್ಯ ಕೆಟ್ಟು, ಆರಂಭಿಸಿದ ಕಾರ್ಯವೇ ನಿಂತೀತೆಂದು ಹೆದರಿ, ಮಿತಿಯಲ್ಲಿರುವಂತೆ ಬೇಡಿಕೊಂಡರು. ಅವರು ಅದಕ್ಕೆ ಹೆಚ್ಚಾಗಿ ಕಿವಿಗೊಡಲಿಲ್ಲ. ವ್ರತಕ್ಕೆ ಪ್ರೇರೇಪಿಸಿದವರೇ ವ್ರತದ ಅತಿಯನ್ನು ತಡೆಯಹೊರಟದ್ದು ಗಮನಾರ್ಹ.

ಹಳೆಯ ಶಾಖೆಯ ವಿರೋಧ ಕಡೆಗೆ ಬಂಧನದವರೆಗೂ ಹೋಯಿತು. 1577ರ ಡಿಸೆಂಬರಿನಲ್ಲಿ ಯೋಹಾನರನ್ನು ಹಿಡಿದೊಯ್ದು ತೊಲೆದೊ ನಗರದ ಮಠದಲ್ಲಿ ಸೆರೆಯಿಟ್ಟರು. ಮರುವರ್ಷ ಆಗಸ್ಟಿನಲ್ಲಿ ಅವರು ತಪ್ಪಿಸಿಕೊಂಡರು. 1580ರಲ್ಲಿ ಬರಿಗಾಲಿನವರಿಗೆ ಪ್ರತ್ಯೇಕ ಪ್ರಾಂತದ ಮನ್ನಣೆ ದೊರೆಯಿತು.

ಹೇಸರಗತ್ತೆಯ ಬಂಡಿಗಳಲ್ಲಿ ಅಲೆದು, ರೋಗಪೀಡಿತರಾಗಿಯೂ ಒಟ್ಟು 17 ಸ್ತ್ರೀಮಠಗಳನ್ನು ಸ್ಥಾಪಿಸಿದ ತೆರೇಸಾ 1582ರ ಅಕ್ಟೋಬರ್ 4ರ ರಾತ್ರಿ ಆಲ್ಬಾ ದೆ ತೊರ್ಮೆಸ್ ಎಂಬ ಊರಿನಲ್ಲಿ ಮೃತರಾದರು. ಪಂಚಾಂಗದ ತಿದ್ದುಪಡಿಯಿಂದ ಹತ್ತು ದಿನಗಳು ಲೋಪವಾದುದರಿಂದ, ಮರುದಿನದ ಬೆಳಗು ಅಕ್ಟೋಬರ್ 15 ಆಗಿತ್ತು. ಅವರ ಸ್ಮರಣೋತ್ಸವವನ್ನು ಆ ದಿನವೇ ಆಚರಿಸುತ್ತಾರೆ.