ರೇಖೆಗೆ ಲಯ ಕೊಟ್ಟ ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್

ಮುಂಬಯಿಯನ್ನು ಕರ್ಮಭೂಮಿಯನ್ನಾಗಿಸಿಕೊಂಡು ದೇಶವಿದೇಶಗಳಲ್ಲಿ ಕನ್ನಡಿಗರ ಕೀರ್ತಿಯನ್ನು ಬೆಳಗಿಸಿದ ಮಹನೀಯರಲ್ಲಿ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ಹೆಸರು ಅಗ್ರಪಂಕ್ತಿಯಲ್ಲಿದೆ. ಉಡುಪಿ ಸಮೀಪದ ಒಂದು ಪುಟ್ಟ ಹಳ್ಳಿಯಿಂದ ಬಂದ ಬಡ ಕುಟುಂಬದ ಯುವಕ ಆಧುನಿಕ ಭಾರತೀಯ ಚಿತ್ರಕಲೆಯ ಪ್ರಮುಖರಲ್ಲಿ ಒಬ್ಬರಾಗಿ ಬೆಳೆದದ್ದು ಈ ಮಹಾನಗರದಲ್ಲಿಯೇ. ಅವರು ನಮ್ಮನ್ನಗಲಿ ಮೂರು ದಶಕಗಳೇ ಕಳೆಯುತ್ತ ಬಂದರೂ ಅವರ ಬದುಕು ಕಲಿಯುವವರಿಗೂ ಕಲಿಸುವವರಿಗೂ ಇಂದಿಗೂ ಪಾಠವಾಗಿದೆ.

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿ ಮುಂಬಯಿ ಪರಿಸರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಅನೇಕರು ರಜಾದಿನಗಳಲ್ಲಿ ಚಿತ್ರಕಲೆಯ ತರಗತಿಗೆ ಹೋಗುತ್ತಾರೆ. ಮಹಾರಾಷ್ಟ್ರ ಸರಕಾರದ ಕಲಾ ಸಂಚಾಲನಾಲಯ ನಡೆಸುವ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಪರೀಕ್ಷೆಗಳಿಗೆ ವಸ್ತುಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರಗಳ ಅಭ್ಯಾಸ ಮಾಡುತ್ತಾರೆ. ಪರೀಕ್ಷೆ ಮುಗಿದು ಪ್ರಮಾಣಪತ್ರ ಕೈಸೇರಿದ ಮೇಲೆ ಕುಂಚವನ್ನು ಮತ್ತೆ ಮುಟ್ಟದವರೂ ಉಂಟು. ತಂತ್ರವನ್ನು ಕಲಿತರೆ ಕಲೆಯನ್ನು ಕಲಿತಂತಾಯಿತೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಹೆಬ್ಬಾರರು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡರು. ಉತ್ತರವನ್ನು ಅರಸುವುದರಲ್ಲಿಯೇ ಜೀವಮಾನವನ್ನು ಸವೆಸಿದರು.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಜನಿಸಿದ್ದು 1911ರಲ್ಲಿ, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕಟ್ಟಿಂಗೇರಿಯಲ್ಲಿ. ಮನೆಯಲ್ಲಿ ಸಿರಿವಂತಿಕೆ ಇರಲಿಲ್ಲ. ಆದರೆ ಸುತ್ತಲಿನ ನಾಡು ಬಣ್ಣ ಮತ್ತು ಲಯಗಳಿಂದ ಸಮೃದ್ಧವಾಗಿತ್ತು. ಯಕ್ಷಗಾನದ ವೇಷಭೂಷಣ, ಚೆಂಡೆಮದ್ದಳೆಗಳ ನಾದ, ಜಾತ್ರೆಯ ಸಡಗರ, ಕೋಳಿ ಅಂಕದ ಗದ್ದಲ, ಮಳೆಗಾಲದ ಹಸುರು ಇವೆಲ್ಲ ಕರಾವಳಿಯ ಯಾವ ಬಾಲಕನಿಗೂ ದೊರೆಯುವ ಸಂಪತ್ತು. ಈ ಸಂಪತ್ತನ್ನು ಅವರು ಮರೆಯಲಿಲ್ಲ. ದಶಕಗಳ ಬಳಿಕ ಅದು ಅವರ ಚಿತ್ರಗಳಲ್ಲಿ ಮರಳಿ ಬಂದಿತು.

ಚಿತ್ರ ಬರೆಯುವ ಹಂಬಲ ಅವರನ್ನು ಮೊದಲು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ, ಅಲ್ಲಿಂದ ಮುಂಬಯಿಗೆ ಕರೆತಂದಿತು. ಮುಂಬಯಿಯಲ್ಲಿ ಆಗ ಕನ್ನಡಿಗ ಕಲಾವಿದ ಜಿ.ಎಸ್. ದಂಡಾವತಿಮಠ ಅವರು ನೂತನ ಕಲಾಮಂದಿರ ಎಂಬ ಕಲಾಶಾಲೆಯನ್ನು ನಡೆಸುತ್ತಿದ್ದರು. ಊರಿನಿಂದ ಬಂದ ಹೆಬ್ಬಾರರಿಗೆ ಅಲ್ಲಿ ಆಸರೆ ದೊರೆಯಿತು. ಒಬ್ಬ ಕನ್ನಡಿಗನು ಕಟ್ಟಿದ ಶಾಲೆ ಇನ್ನೊಬ್ಬ ಕನ್ನಡಿಗನ ಪ್ರತಿಭೆಗೆ ಮೆಟ್ಟಿಲಾದ ಈ ಸಂಗತಿಯನ್ನು ಹೊರನಾಡ ಕನ್ನಡಿಗರಾದ ನಾವು ವಿಶೇಷವಾಗಿ ನೆನೆಯಬೇಕು. ಮುಂದೆ ಸರ್ ಜೆ.ಜೆ. ಕಲಾಶಾಲೆಯ ಡಿಪ್ಲೊಮಾವನ್ನು 1938ರಲ್ಲಿ ಪಡೆದ ಹೆಬ್ಬಾರರು, 1940ರಿಂದ 1945ರ ವರೆಗೆ ಅದೇ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದರು.

1857ರಲ್ಲಿ ಆರಂಭವಾದ ಆ ಶಾಲೆಯ ಶಿಕ್ಷಣ ಪಾಶ್ಚಾತ್ಯ ವಾಸ್ತವ ಶೈಲಿಯನ್ನು ಅವಲಂಬಿಸಿತ್ತು. ಎದುರಿಗಿರುವ ವ್ಯಕ್ತಿಯನ್ನೋ ವಸ್ತುವನ್ನೋ ಕಣ್ಣಿಗೆ ಕಂಡಂತೆಯೇ ಬರೆಯುವುದು, ನೆರಳು ಬೆಳಕಿನಿಂದ ಅದಕ್ಕೆ ಗಾತ್ರ ಕೊಡುವುದು, ದೂರವಿರುವುದನ್ನು ಚಿಕ್ಕದಾಗಿಯೂ ಹತ್ತಿರವಿರುವುದನ್ನು ದೊಡ್ಡದಾಗಿಯೂ ತೋರಿಸುವುದು ಅದರ ಮುಖ್ಯ ಪಾಠಗಳು. ಇವೆಲ್ಲವನ್ನೂ ಹೆಬ್ಬಾರರು ಚೆನ್ನಾಗಿ ಕರಗತ ಮಾಡಿಕೊಂಡರು. ಇದೇ ದಾರಿಯಲ್ಲಿ ಭಾವಚಿತ್ರಗಳನ್ನು ಬರೆಯುತ್ತ ಸುಖವಾಗಿ ಬಾಳಬಹುದಿತ್ತು. ಆದರೆ ಕಲಿತ ವಿದ್ಯೆ ತನ್ನದೇ ಆದ ಮಾತನ್ನು ಹೇಳಲು ಸಾಲುತ್ತಿಲ್ಲ ಎಂಬ ಅತೃಪ್ತಿ ಅವರನ್ನು ಕಾಡಿತು.

ಆಗ ಅವರು ಭಾರತೀಯ ಪರಂಪರೆಯತ್ತ ಹೊರಳಿದರು. ಅಜಂತಾದ ಭಿತ್ತಿಚಿತ್ರಗಳು, ಜೈನ ಹಸ್ತಪ್ರತಿಗಳ ಚಿತ್ರಗಳು, ರಾಜಪೂತ ಹಾಗೂ ಮೊಘಲ ಕಿರುಚಿತ್ರಗಳನ್ನು ಅಭ್ಯಾಸ ಮಾಡಿದರು. ಆನಂದ ಕುಮಾರಸ್ವಾಮಿಯವರ ಬರಹಗಳೂ ಅಮೃತಾ ಶೇರ್‌ಗಿಲ್ ಅವರ ಚಿತ್ರಗಳೂ ಅವರ ದೃಷ್ಟಿಯನ್ನು ತಿದ್ದಿದವು. ಪಾಶ್ಚಾತ್ಯ ಪದ್ಧತಿಯಲ್ಲಿ ನೆರಳು ಮಾಡುವ ಕೆಲಸವನ್ನು ಈ ಹಳೆಯ ಚಿತ್ರಗಳಲ್ಲಿ ರೇಖೆ ಮಾಡುತ್ತದೆ. ಬಣ್ಣ ಸಮತಟ್ಟಾಗಿ ಹರಡಿದರೂ ರೇಖೆಯ ಬಾಗು ಬಳುಕುಗಳಿಂದಲೇ ಆಕೃತಿ ಜೀವ ತಳೆಯುತ್ತದೆ. ಕೇರಳದ ಪ್ರವಾಸದ ಬಳಿಕ ಅವರು ಬರೆದ ಚಿತ್ರಗಳಲ್ಲಿ ಈ ಬದಲಾವಣೆ ಎದ್ದು ಕಾಣುತ್ತದೆ. ಕಡುವರ್ಣಗಳು, ಸರಳಗೊಂಡ ಆಕಾರಗಳು, ದುಡಿಯುವ ಸ್ತ್ರೀಪುರುಷರ ನಿಲುವು ನಡಿಗೆಗಳು ಅಲ್ಲಿ ಮುಖ್ಯವಾದವು. ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಅವರಿಗೆ 1947ರಲ್ಲಿ ಸಂದಿತು.

ಹೆಸರು ಬಂದ ಮೇಲೆ ಕಲಿಕೆಯನ್ನು ನಿಲ್ಲಿಸುವವರೇ ಹೆಚ್ಚು. ಹೆಬ್ಬಾರರು ಹಾಗೆ ಮಾಡಲಿಲ್ಲ. ಮೂವತ್ತೆಂಟರ ಹರೆಯದಲ್ಲಿ, 1949ರಲ್ಲಿ, ಪ್ಯಾರಿಸ್ಸಿಗೆ ತೆರಳಿ ಅಕಾಡೆಮಿ ಜೂಲಿಯಾನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾದರು. ಅಧ್ಯಾಪಕನಾಗಿದ್ದವನು ಪುನಃ ವಿದ್ಯಾರ್ಥಿಗಳ ಸಾಲಿನಲ್ಲಿ ಕುಳಿತುಕೊಳ್ಳಲು ಎಂತಹ ವಿನಯ ಬೇಕೆಂಬುದನ್ನು ಕಲಿಸುವ ವೃತ್ತಿಯಲ್ಲಿರುವವರು ಬಲ್ಲರು. ಅಲ್ಲಿಂದ ಮರಳಿದ ಮೇಲೆ ಅವರು ಯುರೋಪಿನ ಶೈಲಿಯನ್ನು ನಕಲು ಮಾಡಲಿಲ್ಲ. ತೈಲವರ್ಣದ ದಪ್ಪ ಲೇಪ, ಚಿತ್ರದ ಮೇಲ್ಮೈಯ ಒರಟು ನುಣುಪುಗಳು ಮುಂತಾದ ಸಾಧ್ಯತೆಗಳನ್ನು ತಮ್ಮ ವಸ್ತುವಿಗೆ ಒಗ್ಗಿಸಿಕೊಂಡರು.

ಅವರನ್ನು ಕಲಾಲೋಕ ಬಹುವಾಗಿ ನೆನೆಯುವುದು ರೇಖಾಚಿತ್ರಗಳಿಗಾಗಿ. ನರ್ತಿಸುವ ದೇಹವನ್ನು ಬರೆಯಬೇಕಾದರೆ ನೃತ್ಯದ ಲಯ ಬರೆಯುವವನ ದೇಹಕ್ಕೂ ತಿಳಿದಿರಬೇಕೆಂದು ಅವರು ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ವೇದಿಕೆ ಏರುವ ಉದ್ದೇಶ ಅವರಿಗಿರಲಿಲ್ಲ. ತಾಳದ ಏರಿಳಿತ ಕೈಗೆ ಇಳಿಯಬೇಕೆಂಬುದಷ್ಟೇ ಅವರ ಬಯಕೆ. ಹೆಬ್ಬಾರರ ಕೆಲವೇ ರೇಖೆಗಳಲ್ಲಿ ನರ್ತಕಿಯೊಬ್ಬಳು ತಿರುಗುತ್ತಾಳೆ, ವಾದಕನೊಬ್ಬ ತನ್ಮಯನಾಗುತ್ತಾನೆ. ರೇಖೆ ಒಂದೆಡೆ ದಪ್ಪವಾಗಿ, ಇನ್ನೊಂದೆಡೆ ಎಳೆಯಾಗಿ, ಮತ್ತೊಂದೆಡೆ ನೋಡುವವನ ಊಹೆಗೆ ಬಿಟ್ಟು ಮಾಯವಾಗುತ್ತದೆ. ಅಳಿಸಿ ತಿದ್ದಲು ಅವಕಾಶವಿಲ್ಲದ ಈ ಸರಳತೆಯ ಹಿಂದೆ ಸಾವಿರಾರು ಕಾಗದಗಳ ಸಾಧನೆಯಿದೆ. ಈ ಚಿತ್ರಗಳ ಸಂಪುಟ ‘ದಿ ಸಿಂಗಿಂಗ್ ಲೈನ್’ ಎಂಬ ಹೆಸರಿನಲ್ಲಿ 1964ರಲ್ಲಿ ಪ್ರಕಟವಾಯಿತು. ಹಾಡುವ ರೇಖೆ ಎಂಬ ಅರ್ಥದ ಈ ಹೆಸರು ಅವರ ಕಲೆಗೆ ಅನ್ವರ್ಥವಾಗಿದೆ.

ಲಾಲಿತ್ಯವೊಂದೇ ಅವರ ವಸ್ತುವಾಗಿರಲಿಲ್ಲ. ‘ಹಂಗ್ರಿ ಸೋಲ್’ ಎಂಬ ಪ್ರಸಿದ್ಧ ಚಿತ್ರದಲ್ಲಿ ಅವರು ಹಸಿವಿನ ಸಂಕಟಕ್ಕೆ ರೂಪ ಕೊಟ್ಟರು. ಬಡತನವನ್ನು ಸ್ವತಃ ಕಂಡುಂಡವರಿಗೆ ಅದನ್ನು ಬರಿಯ ದೃಶ್ಯವಾಗಿ ನೋಡುವುದು ಸಾಧ್ಯವಿರಲಿಲ್ಲ. ವೆನಿಸ್ ಮತ್ತು ಸಾವೊ ಪಾವ್ಲೊ ದ್ವೈವಾರ್ಷಿಕ ಕಲಾಪ್ರದರ್ಶನಗಳಲ್ಲಿ ಅವರ ಕೃತಿಗಳು ಭಾರತವನ್ನು ಪ್ರತಿನಿಧಿಸಿದವು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರನ್ನು ಅರಸಿ ಬಂದವು. ಕೇಂದ್ರ ಲಲಿತಕಲಾ ಅಕಾಡೆಮಿ ಅವರನ್ನು ಫೆಲೋಶಿಪ್ ನೀಡಿ ಗೌರವಿಸಿತು. ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ತಾಯ್ನಾಡಿನ ನಂಟನ್ನು ಕಡೆಯವರೆಗೂ ಉಳಿಸಿಕೊಂಡಿದ್ದ ಅವರು ತಮ್ಮ ಚಿತ್ರಗಳ ಸಂಗ್ರಹವೊಂದನ್ನು ಕರ್ನಾಟಕಕ್ಕೆ ಒಪ್ಪಿಸಿದರು. 1996ರ ಮಾರ್ಚ್ 26ರಂದು ಮುಂಬಯಿಯಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು.

ನಮ್ಮ ಬಡಾವಣೆಗಳ ಕಲಾತರಗತಿಗಳಲ್ಲಿ ಕಲಿಯುತ್ತಿರುವ ಮಕ್ಕಳೆಲ್ಲರೂ ಹೆಬ್ಬಾರರಾಗಬೇಕೆಂದು ಬಯಸುವುದು ಸಲ್ಲದು. ಮಡಕೆ, ಹೂದಾನಿಗಳನ್ನು ನೋಡಿ ಬರೆಯುವ ಅಭ್ಯಾಸವನ್ನು ಹಗುರಾಗಿ ಕಾಣುವುದೂ ಸರಿಯಲ್ಲ. ಹೆಬ್ಬಾರರೂ ಆ ಶಿಸ್ತನ್ನು ದಾಟಿಯೇ ಮುಂದೆ ಹೋದವರು. ಆದರೆ ಗುರುಗಳು ಫಲಕದ ಮೇಲೆ ಬರೆದ ಚಿತ್ರವನ್ನು ಇಪ್ಪತ್ತು ಮಕ್ಕಳೂ ಒಂದೇ ಬಗೆಯಾಗಿ ಬರೆದು ತಂದಾಗ, ಅದರಲ್ಲಿ ಮಗುವಿನ ಸ್ವಂತ ನೋಟವೆಷ್ಟು ಎಂದು ಪಾಲಕರು ವಿಚಾರಿಸಬೇಕು. ಲೋಕಲ್ ಗಾಡಿಯ ಜನಸಂದಣಿ, ಖಾಡಿಯ ದಂಡೆಯ ದೋಣಿ, ರಜೆಯಲ್ಲಿ ಊರಿಗೆ ಹೋದಾಗ ಕಂಡ ಯಕ್ಷಗಾನದ ವೇಷ ಇವು ಮಗುವಿನ ಕಾಗದದ ಮೇಲೆ ಸೊಟ್ಟಗೆ ಮೂಡಿದರೂ ಬೆಲೆಯುಳ್ಳವು. ಸೊಟ್ಟನ್ನು ತಿದ್ದಲು ತಂತ್ರವಿದೆ; ಕಂಡದ್ದನ್ನು ಹೇಳುವ ಹಂಬಲ ಮಾತ್ರ ಒಮ್ಮೆ ಬತ್ತಿದರೆ ಮರಳಿ ಚಿಗುರುವುದು ಕಷ್ಟ. ಆ ಹಂಬಲವನ್ನು ಎಂಬತ್ತು ದಾಟಿದ ವಯಸ್ಸಿನ ವರೆಗೂ ಆರದಂತೆ ಕಾಪಾಡಿಕೊಂಡ ಹೆಬ್ಬಾರರನ್ನು ನಮ್ಮ ಮಕ್ಕಳಿಗೆ ಪರಿಚಯಿಸುವುದು, ಅವರ ಒಂದೆರಡು ರೇಖಾಚಿತ್ರಗಳನ್ನಾದರೂ ತೋರಿಸುವುದು ಮುಂಬಯಿ ಕನ್ನಡಿಗರಾದ ನಮ್ಮೆಲ್ಲರ ಕರ್ತವ್ಯವಾಗಿದೆ.