ಪಿಯೆರ್ ಪಾವೊಲೊ ಪಸೊಲಿನಿ

ಪಿಯೆರ್ ಪಾವೊಲೊ ಪಸೊಲಿನಿ (ಮಾರ್ಚ್ 5, 1922 – ನವೆಂಬರ್ 2, 1975) ಇಟಲಿಯ ಕವಿ, ಕಾದಂಬರಿಕಾರ, ಪ್ರಬಂಧಕಾರ ಹಾಗೂ ಚಲನಚಿತ್ರ ನಿರ್ದೇಶಕರು. ರೋಮ್ ನಗರದ ಹೊರವಲಯದಲ್ಲಿ ಬಾಳುತ್ತಿದ್ದ ಕಳ್ಳರು, ತಲೆಹಿಡುಕರು, ವೇಶ್ಯೆಯರು ಮತ್ತು ಕೆಲಸವಿಲ್ಲದ ಯುವಕರನ್ನು ಕೇವಲ ಅನುಕಂಪದ ವಸ್ತುಗಳನ್ನಾಗಿ ಮಾಡದೆ, ಇಗರ್ಜಿಯ ಭಿತ್ತಿಚಿತ್ರಗಳಲ್ಲಿ ಸಂತರಿಗೆ ಸಲ್ಲುವ ಗೌರವದೊಡನೆ ತೆರೆಯ ಮೇಲೆ ತಂದವರೆಂದು ಅವರು ಪ್ರಸಿದ್ಧರು. ಅವರ ಬದುಕೂ ಬಹುಪಾಲು ಸಮಾಜದ ಅಂಚಿನಲ್ಲೇ ಸಾಗಿತು.

ಆರಂಭಿಕ ಜೀವನ

ಪಸೊಲಿನಿ ಬೊಲೊನ್ಯ ನಗರದಲ್ಲಿ ಜನಿಸಿದರು. ತಂದೆ ಸೇನಾಧಿಕಾರಿ. ತಾಯಿ ಸುಸಾನ್ನಾ ಶಾಲಾ ಶಿಕ್ಷಕಿ. ಆಕೆಯ ತವರು ಈಶಾನ್ಯ ಇಟಲಿಯ ಫ್ರಿಯೂಲಿ ಪ್ರದೇಶದ ಕಸಾರ್ಸಾ. ಅಲ್ಲಿನ ರೈತರ ಆಡುನುಡಿಯಾದ ಫ್ರಿಯೂಲಿಯನ್ ಭಾಷೆಯಲ್ಲಿಯೇ ಅವರು ತಮ್ಮ ಮೊದಲ ಕವನಸಂಕಲನವನ್ನು 1942ರಲ್ಲಿ ಸ್ವಂತ ಖರ್ಚಿನಲ್ಲಿ ಪ್ರಕಟಿಸಿದರು. ಪ್ರಾದೇಶಿಕ ನುಡಿಗಳನ್ನು ಫ್ಯಾಸಿಸ್ಟ್ ಸರ್ಕಾರವು ಕಡೆಗಣ್ಣಿನಿಂದ ನೋಡುತ್ತಿದ್ದ ಕಾಲವದು. ಬೊಲೊನ್ಯ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸಕಾರ ರೊಬೆರ್ತೊ ಲೊಂಗಿ ಅವರ ಪಾಠಗಳನ್ನು ಕೇಳಿದ್ದು ಮುಂದೆ ಅವರ ಚಲನಚಿತ್ರಗಳ ದೃಶ್ಯರಚನೆಗೆ ತಳಹದಿಯಾಯಿತು.

1945ರ ಫೆಬ್ರವರಿಯಲ್ಲಿ ಅವರ ತಮ್ಮ ಗುಯಿದೊ, ನಾಜಿ ವಿರೋಧಿ ಹೋರಾಟದಲ್ಲಿದ್ದಾಗ, ಎದುರಾಳಿ ಬಣದ ಕಮ್ಯುನಿಸ್ಟ್ ಹೋರಾಟಗಾರರಿಂದಲೇ ಹತನಾದನು. ಆದರೂ ಪಸೊಲಿನಿ ಬಳಿಕ ಕಮ್ಯುನಿಸ್ಟ್ ಪಕ್ಷವನ್ನೇ ಸೇರಿದರು. ಈ ವೈರುಧ್ಯವನ್ನು ಬಿಟ್ಟು ಅವರ ವ್ಯಕ್ತಿತ್ವವನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

ಯುದ್ಧಾನಂತರ ವಾಲ್ವಸೋನೆ ಎಂಬ ಊರಿನ ಶಾಲೆಯಲ್ಲಿ ಅವರು ಅಧ್ಯಾಪಕರಾದರು. 1949ರಲ್ಲಿ ಅಪ್ರಾಪ್ತ ಹುಡುಗರೊಡನೆ ಲೈಂಗಿಕ ದುರ್ವರ್ತನೆ ನಡೆಸಿದರೆಂಬ ಆರೋಪ ಬಂದಿತು. ಮೇಲ್ಮನವಿಯಲ್ಲಿ ಅವರು ಖುಲಾಸೆಗೊಂಡರಾದರೂ, ವಿಚಾರಣೆಗೆ ಮುನ್ನವೇ ಕೆಲಸ ಹೋಗಿತ್ತು. ಪಕ್ಷವೂ ಅವರನ್ನು ಉಚ್ಚಾಟಿಸಿತ್ತು. 1950ರ ಜನವರಿಯಲ್ಲಿ ತಾಯಿಯನ್ನು ಕರೆದುಕೊಂಡು ಅವರು ರೋಮ್ ನಗರಕ್ಕೆ ಹೊರಟುಹೋದರು.

ರೋಮ್ ನಗರದ ಅಂಚಿನಲ್ಲಿ

ರೋಮಿನಲ್ಲಿ ತಾಯಿ ಮನೆಗೆಲಸಕ್ಕೆ ನಿಂತರು. ಮಗನಿಗೆ ಚಂಪಿನೊ ಎಂಬಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಅಲ್ಪ ಸಂಬಳದ ಕೆಲಸ ದೊರೆಯಿತು. ಸೆರೆಮನೆಯ ಸಮೀಪವಿದ್ದ ರೆಬಿಬ್ಬಿಯಾ ಬಡಾವಣೆಯಲ್ಲಿ ಅವರ ವಾಸ. ಇಂತಹ ಬಡ ವಸತಿಗಳನ್ನು ಇಟಲಿಯಲ್ಲಿ 'ಬೋರ್ಗಾತೆ' ಎನ್ನುತ್ತಾರೆ. ಮುಸೊಲಿನಿಯ ಆಳ್ವಿಕೆಯಲ್ಲಿ ಅಗಲವಾದ ರಾಜಬೀದಿಗಳಿಗಾಗಿ ನಗರದ ನಡುವಣ ಮನೆಗಳನ್ನು ಕೆಡವಿದಾಗ ಅಲ್ಲಿನ ಬಡವರನ್ನು ಹೊರವಲಯಕ್ಕೆ ಸಾಗಿಸಲಾಗಿತ್ತು. ಯುದ್ಧದ ನಂತರ ದಕ್ಷಿಣ ಇಟಲಿಯಿಂದ ಕೆಲಸ ಹುಡುಕಿ ಬಂದವರೂ ಅಲ್ಲಿಯೇ ನೆಲೆಸಿದರು.

ಆ ಯುವಕರ ಒರಟು ರೋಮನ್ ಆಡುಮಾತನ್ನು ಪಸೊಲಿನಿ ವಿದ್ಯಾರ್ಥಿಯಂತೆ ಕಲಿತರು. ಅದರ ಫಲವೇ 1955ರ ಕಾದಂಬರಿ 'ರಗಾತ್ಸಿ ದಿ ವೀತಾ'. ಇದು ಅಶ್ಲೀಲವೆಂದು ಮೊಕದ್ದಮೆ ಹೂಡಲಾಯಿತು. 1956ರಲ್ಲಿ ನ್ಯಾಯಾಲಯ ಆರೋಪವನ್ನು ತಳ್ಳಿಹಾಕಿತು. ಫೆಲಿನಿ ಅವರು 'ನೈಟ್ಸ್ ಆಫ್ ಕಬೀರಿಯಾ' ಚಿತ್ರದ ಸಂಭಾಷಣೆಗೆ ನೆರವು ಕೋರಿದ್ದು ಈ ಭಾಷಾಪರಿಣತಿಯ ಕಾರಣದಿಂದಲೇ.

ಚಲನಚಿತ್ರಗಳು

ಮೊದಲ ಚಿತ್ರ 'ಅಕ್ಕತ್ತೋನೆ' (1961). ಹೆಸರಿನ ಅರ್ಥ ತಿರುಕ. ವೇಶ್ಯೆಯೊಬ್ಬಳ ಸಂಪಾದನೆಯಲ್ಲಿ ಬದುಕುವ ನಾಯಕನು ಮುಗ್ಧೆಯೊಬ್ಬಳನ್ನು ಪ್ರೀತಿಸಿ, ಒಂದು ದಿನದ ಮಟ್ಟಿಗೆ ಕೂಲಿ ಮಾಡಿ, ಸೋತು, ಕಳ್ಳತನಕ್ಕಿಳಿದು ಸಾಯುತ್ತಾನೆ. ಪಾತ್ರಧಾರಿ ಫ್ರಾಂಕೊ ಚಿತ್ತಿ ಅದೇ ಪರಿಸರದ ಯುವಕ. ನಟನೆಯ ತರಬೇತಿ ಇಲ್ಲದವರು. ಧೂಳು ತುಂಬಿದ ಬೀದಿಯಲ್ಲಿ ಇಬ್ಬರು ಹೊಡೆದಾಡುವಾಗ ಹಿನ್ನೆಲೆಯಲ್ಲಿ ಬಾಖ್‌ನ ಭಕ್ತಿಸಂಗೀತ ಕೇಳಿಬರುತ್ತದೆ. ಯುದ್ಧಾನಂತರದ ನವವಾಸ್ತವವಾದಿ ನಿರ್ದೇಶಕರೂ ಬಡವರನ್ನು ಚಿತ್ರಿಸಿದ್ದರು. ಆದರೆ ದುಡಿಯುವ, ಮರ್ಯಾದಸ್ಥ ಬಡವರು ಅಲ್ಲಿ ಮುಖ್ಯರಾಗಿದ್ದರು. ಯಾವ ಪಕ್ಷಕ್ಕೂ ಬೇಡವಾದ, ದುಡಿಮೆಯನ್ನೇ ಹಳಿಯುವ ಮನುಷ್ಯನಿಗೆ ಪವಿತ್ರತೆಯ ಆವರಣ ತೊಡಿಸಿದ್ದು ಪಸೊಲಿನಿಯವರ ಹೊಸತನ.

'ಮಮ್ಮಾ ರೋಮಾ' (1962) ಚಿತ್ರದಲ್ಲಿ ಅನ್ನಾ ಮನ್ಯಾನಿ ಅವರು ವೃತ್ತಿ ತೊರೆದು ತರಕಾರಿ ಮಾರುತ್ತ, ಮಗನನ್ನು ಸಭ್ಯನನ್ನಾಗಿಸಲು ಹೆಣಗುವ ತಾಯಿ. ಮಗನು ಸೆರೆಮನೆಯಲ್ಲಿ ಮಂಚಕ್ಕೆ ಕಟ್ಟಿಹಾಕಲ್ಪಟ್ಟು ಸಾಯುವ ದೃಶ್ಯವು ಮಂತೆನ್ಯಾ ರಚಿಸಿದ ಮೃತ ಕ್ರಿಸ್ತನ ಚಿತ್ರವನ್ನು ನೆನಪಿಸುತ್ತದೆ.

ಅವರ ಕಿರುಚಿತ್ರಗಳಲ್ಲಿ 'ಲಾ ರಿಕೊತ್ತಾ' (1963) ವಿಶೇಷ ಗಮನಕ್ಕೆ ಅರ್ಹ. ಕ್ರಿಸ್ತನ ಶಿಲುಬೆಮರಣದ ಚಿತ್ರೀಕರಣದಲ್ಲಿ ಕಳ್ಳನ ಪಾತ್ರಕ್ಕೆ ಬಂದ ಬಡವನೊಬ್ಬ ತನ್ನ ಊಟವನ್ನು ಮನೆಯವರಿಗೆ ಕೊಟ್ಟು ಹಸಿದಿರುತ್ತಾನೆ; ಕೊನೆಗೆ ಸಿಕ್ಕಿದ ಗಿಣ್ಣನ್ನು ಮಿತಿಮೀರಿ ತಿಂದು, ಶಿಲುಬೆಯ ಮೇಲೆಯೇ ನಿಜವಾಗಿ ಸಾಯುತ್ತಾನೆ. ಧರ್ಮನಿಂದನೆಯ ಆರೋಪದ ಮೇಲೆ ಪಸೊಲಿನಿಯವರಿಗೆ ನಾಲ್ಕು ತಿಂಗಳ ಶಿಕ್ಷೆ ವಿಧಿಸಲಾಯಿತು. ಮೇಲ್ಮನವಿಯಲ್ಲಿ ಅದು ರದ್ದಾಯಿತು. ಮರುವರ್ಷವೇ ಈ ನಾಸ್ತಿಕ ನಿರ್ದೇಶಕರು ಮತ್ತಾಯನ ಸುವಾರ್ತೆಯನ್ನು ಆಧರಿಸಿ ತೆಗೆದ ಚಿತ್ರವನ್ನು ಕ್ಯಾಥೊಲಿಕ್ ಸಂಸ್ಥೆಯೇ ಪುರಸ್ಕರಿಸಿತು. ದಕ್ಷಿಣದ ಮತೇರಾ ಪಟ್ಟಣದಲ್ಲಿ ಚಿತ್ರಿಸಿದ ಆ ಕೃತಿಯಲ್ಲಿ ವೃದ್ಧ ಮರಿಯಳಾಗಿ ಕಾಣುವವರು ಅವರ ತಾಯಿಯೇ.

1967ರಿಂದ 1974ರ ನಡುವೆ ಈಡಿಪಸ್, ಮೆಡಿಯಾ, ಡೆಕಮೆರಾನ್, ಕ್ಯಾಂಟರ್ಬರಿ ಕಥೆಗಳು, ಅರೇಬಿಯನ್ ರಾತ್ರಿಗಳು ಮುಂತಾದ ಹಳೆಯ ಕಥಾಮೂಲಗಳನ್ನು ಅವರು ತೆರೆಗೆ ತಂದರು. ಕೊನೆಯ ಚಿತ್ರ 'ಸಾಲೊ' ಅತ್ಯಂತ ಕ್ರೂರ ದೃಶ್ಯಗಳಿಂದ ಕೂಡಿದ್ದು, ಎಲ್ಲರೂ ನೋಡಬಹುದಾದ ಕೃತಿಯಲ್ಲ.

ಭಾರತ ಪ್ರವಾಸ

1961ರಲ್ಲಿ ಲೇಖಕರಾದ ಅಲ್ಬೆರ್ತೊ ಮೊರಾವಿಯಾ ಮತ್ತು ಎಲ್ಸಾ ಮೊರಾಂತೆ ಅವರೊಡನೆ ಪಸೊಲಿನಿ ಭಾರತದಲ್ಲಿ ಸಂಚರಿಸಿದರು. ಆ ಅನುಭವಗಳ ಪುಸ್ತಕ 1962ರಲ್ಲಿ ಪ್ರಕಟವಾಯಿತು. 1968ರಲ್ಲಿ ಭಾರತವನ್ನು ಕುರಿತು ಸಾಕ್ಷ್ಯಚಿತ್ರವೊಂದನ್ನೂ ತಯಾರಿಸಿದರು.

ಕೊನೆಯ ವರ್ಷಗಳು ಮತ್ತು ಹತ್ಯೆ

1973ರಿಂದ 'ಕೊರಿಯೆರೆ ದೆಲ್ಲಾ ಸೆರಾ' ಪತ್ರಿಕೆಯಲ್ಲಿ ಬರೆದ ಲೇಖನಗಳಲ್ಲಿ ಅವರು, ಫ್ಯಾಸಿಸಮ್ಮಿಗೂ ಸಾಧ್ಯವಾಗದ ರೀತಿಯಲ್ಲಿ ದೂರದರ್ಶನ ಮತ್ತು ಕೊಳ್ಳುಬಾಕತನಗಳು ಬಡವರ ಸಂಸ್ಕೃತಿಯನ್ನು ಅಳಿಸಿಹಾಕಿವೆ ಎಂದು ವಾದಿಸಿದರು. ತಾವು ಪ್ರೀತಿಸಿದ ಬೋರ್ಗಾತೆಯ ಹುಡುಗರು ಈಗ ಇಲ್ಲವೆಂಬುದು ಅವರ ಅಳಲಾಗಿತ್ತು. ಈ ವಾದದಲ್ಲಿ ಹಳೆಯ ಬಡತನವನ್ನು ವೈಭವೀಕರಿಸುವ ದೋಷವಿದೆಯೆಂಬ ಟೀಕೆ ಅಂದೂ ಇತ್ತು. ಅದು ಪೂರ್ಣವಾಗಿ ನಿರಾಧಾರವೆನ್ನಲಾಗದು.

1975ರ ನವೆಂಬರ್ 2ರ ಮುಂಜಾನೆ ರೋಮ್ ಸಮೀಪದ ಓಸ್ತಿಯಾ ಕಡಲತೀರದ ಬಯಲಿನಲ್ಲಿ ಅವರ ಶವ ದೊರೆಯಿತು. ಹೊಡೆದು, ಅವರ ಕಾರನ್ನೇ ಮೈಮೇಲೆ ಹರಿಸಲಾಗಿತ್ತು. ಕೊಲೆಗಾರನೆಂದು ಶಿಕ್ಷೆಗೊಳಗಾದವನು ಹೊರವಲಯದ 17 ವರ್ಷದ ಹುಡುಗ. ಅಪರಿಚಿತರೂ ಭಾಗಿಗಳೆಂದು ಮೊದಲ ನ್ಯಾಯಾಲಯ ಹೇಳಿದ್ದನ್ನು ಮೇಲಿನ ನ್ಯಾಯಾಲಯ ಒಪ್ಪಲಿಲ್ಲ. 2005ರಲ್ಲಿ ಆತ ತನ್ನ ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಂಡನು. ಪ್ರಕರಣದ ಬಗೆಗಿನ ಸಂಶಯಗಳು ಇಂದಿಗೂ ಉಳಿದಿವೆ. ಪಸೊಲಿನಿಯವರ ಸಮಾಧಿ ಕಸಾರ್ಸಾದಲ್ಲಿದೆ.

ಪ್ರಭಾವ

ಅಂಚಿನ ಜನರನ್ನು ಕುರಿತ ಇಂದಿನ ಇಟಾಲಿಯನ್ ಸಿನಿಮಾದಲ್ಲಿ ಅವರ ಜಾಡು ಸ್ಪಷ್ಟವಾಗಿ ಕಾಣುತ್ತದೆ. ಕ್ಲಾವುದಿಯೊ ಕಾಲಿಗಾರಿ ಅವರ 'ನೊನ್ ಎಸ್ಸೆರೆ ಕತ್ತಿವೊ' (2015) ಓಸ್ತಿಯಾದ ಮಾದಕವ್ಯಸನಿ ಗೆಳೆಯರಿಬ್ಬರ ಕಥೆ. ಮತ್ತೆಯೊ ಗರೊನೆ ಅವರ 'ಡಾಗ್‌ಮ್ಯಾನ್' (2018) ಪಾಳುಬಿದ್ದ ಕಡಲತಡಿಯಲ್ಲಿ ನಾಯಿಗಳ ಆರೈಕೆ ಮಾಡುವ ಬಡಪಾಯಿಯನ್ನು ಕುರಿತದ್ದು. ನಾಯಕ ಮಾರ್ಚೆಲ್ಲೊ ಫೊಂತೆ ಅವರಿಗೆ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಯೋನಾಸ್ ಕಾರ್ಪಿನ್ಯಾನೊ ಅವರ 'ಆ ಚಾಂಬ್ರಾ' (2017) ಕಲಾಬ್ರಿಯಾ ಪ್ರಾಂತ್ಯದ ರೋಮಾ ಜನಾಂಗದ ಬಾಲಕನೊಬ್ಬನ ಕಥೆ; ಅದರಲ್ಲಿ ಆ ಬಾಲಕನೂ ಅವನ ಕುಟುಂಬದವರೂ ತಮ್ಮ ಪಾತ್ರಗಳನ್ನು ತಾವೇ ಅಭಿನಯಿಸಿದ್ದಾರೆ.