ಸಂತೆಯ ಲೆಕ್ಕಕ್ಕೆ ಶಾಸ್ತ್ರದ ಸ್ಥಾನ ನೀಡಿದ ಮಹಾವೀರಾಚಾರ್ಯರು

ರಾಯಚೂರಿನಿಂದ ಕೃಷ್ಣೆಯನ್ನು ದಾಟಿ, ಯಾದಗಿರಿಯನ್ನು ಹಾದು ಉತ್ತರಕ್ಕೆ ಸಾಗಿದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಎಂಬ ಊರು ಎದುರಾಗುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿಗೆ ಸೇರಿದ ಈ ಊರು ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಸುಮಾರು 814ರಿಂದ 878ರವರೆಗೆ ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಕನ್ನಡಿಗರು 'ಕವಿರಾಜಮಾರ್ಗ'ದ ನೆಪದಲ್ಲಿ ಸ್ಮರಿಸುತ್ತಾರೆ. ಆದರೆ ಅದೇ ದೊರೆಯ ಕಾಲದಲ್ಲಿ, ಸುಮಾರು 850ರಲ್ಲಿ, ರಚಿತವಾದ 'ಗಣಿತಸಾರಸಂಗ್ರಹ'ವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅದರ ಕರ್ತೃ ಮಹಾವೀರಾಚಾರ್ಯರು.

ಆಚಾರ್ಯರು ಜೈನ ಮತಾವಲಂಬಿಗಳು. ತೀರ್ಥಂಕರ ಮಹಾವೀರನಿಗೆ ವಂದಿಸಿ, ನೃಪತುಂಗನ ಆಳ್ವಿಕೆಯನ್ನು ಹೊಗಳಿ ಅವರು ಗ್ರಂಥವನ್ನು ಆರಂಭಿಸುತ್ತಾರೆ. ತಮ್ಮ ತಂದೆತಾಯಿ, ಹುಟ್ಟೂರುಗಳ ವಿಷಯದಲ್ಲಿ ಮಾತ್ರ ಮೌನ. ಹೀಗಾಗಿ ಅವರ ಬದುಕನ್ನು ಅವರು ಕಟ್ಟಿದ ಲೆಕ್ಕಗಳಲ್ಲಿಯೇ ಓದಬೇಕು. ಆ ಲೆಕ್ಕಗಳಲ್ಲಿ ಅವರು ಕಂಡ ಜನಜೀವನ ಧಾರಾಳವಾಗಿದೆ: ಹಣ್ಣು ಮಾರುವವರು, ಬಡ್ಡಿಗೆ ಹಣ ಕೊಡುವವರು, ಚಿನ್ನ ಬೆಸೆಯುವವರು, ದಾರಿಹೋಕ ವರ್ತಕರು, ಕೆರೆ ಬಾವಿ ತೋಡುವವರು.

ಅದಕ್ಕೂ ಮುಂಚೆ ನಮ್ಮ ದೇಶದಲ್ಲಿ ಗಣಿತ ಬಹುಮಟ್ಟಿಗೆ ಜ್ಯೋತಿಷದ ಕೈಹಿಡಿದು ನಡೆಯುತ್ತಿತ್ತು. ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತಕ್ಕೆ ಮೀಸಲಾದದ್ದು ಕೆಲವೇ ಅಧ್ಯಾಯಗಳು, ಉಳಿದದ್ದೆಲ್ಲ ಗ್ರಹಗತಿ. ಮಹಾವೀರಾಚಾರ್ಯರು ಗ್ರಹಗಳನ್ನು ಬದಿಗಿಟ್ಟು, ಒಂಬತ್ತು ಅಧ್ಯಾಯಗಳ, ಸಾವಿರಕ್ಕೂ ಮೀರಿದ ಸಂಸ್ಕೃತ ಪದ್ಯಗಳ ಇಡೀ ಗ್ರಂಥವನ್ನು ಗಣಿತಕ್ಕೇ ಅರ್ಪಿಸಿದರು. ಅಡುಗೆ, ವೈದ್ಯ, ಸಂಗೀತ, ಛಂದಸ್ಸು, ಮನೆ ಕಟ್ಟುವ ವಿದ್ಯೆ ಇವೆಲ್ಲಕ್ಕೂ ಲೆಕ್ಕ ಬೇಕೆಂಬುದು ಅವರ ಪೀಠಿಕೆಯ ವಾದ. ಈ ಒಂದು ನಿಲುವೇ ಅವರ ದೊಡ್ಡ ಸಾಧನೆ ಎನ್ನಬಹುದು.

ಹಣ್ಣಿನ ಲೆಕ್ಕವನ್ನೇ ನೋಡೋಣ. ಒಂಬತ್ತು ಮಾದಲ ಹಣ್ಣು ಹಾಗೂ ಏಳು ಬೇಲದ ಹಣ್ಣುಗಳಿಗೆ ಒಟ್ಟು ಬೆಲೆ 107. ಏಳು ಮಾದಲ ಹಾಗೂ ಒಂಬತ್ತು ಬೇಲಕ್ಕೆ 101. ಹಾಗಾದರೆ ಒಂದೊಂದರ ಬೆಲೆ ಎಷ್ಟು? ಎರಡೂ ಖರೀದಿಗಳನ್ನು ಕೂಡಿಸಿದರೆ ಹದಿನಾರು ಜೋಡಿಗೆ 208, ಅಂದರೆ ಜೋಡಿಗೆ 13. ಕಳೆದರೆ ಎರಡು ಮಾದಲಗಳು ಎರಡು ಬೇಲಗಳಿಗಿಂತ 6 ಹೆಚ್ಚು, ಒಂದಕ್ಕೆ 3 ಹೆಚ್ಚು. ಮಾದಲ 8, ಬೇಲ 5. ಇಂದು ಹೈಸ್ಕೂಲಿನಲ್ಲಿ ಎಕ್ಸ್, ವೈ ಹಾಕಿ ಬಿಡಿಸುವುದು ಇದನ್ನೇ.

ಮೂವರು ವರ್ತಕರು ದಾರಿಯಲ್ಲಿ ಹಣದ ಚೀಲವೊಂದನ್ನು ಕಂಡ ಸಮಸ್ಯೆ ಇನ್ನೂ ಸೊಗಸು. ಚೀಲ ತನಗೆ ದೊರೆತರೆ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟು ತನ್ನದಾಗುತ್ತದೆಂದು ಒಬ್ಬ, ಮೂರರಷ್ಟೆಂದು ಇನ್ನೊಬ್ಬ, ಐದರಷ್ಟೆಂದು ಮತ್ತೊಬ್ಬ ಲೆಕ್ಕ ಹಾಕುತ್ತಾರೆ. ಚೀಲದಲ್ಲಿ 15, ಅವರ ಬಳಿ ಕ್ರಮವಾಗಿ 1, 3, 5 ಇದ್ದರೆ ಮೂವರ ಮಾತೂ ನಿಜವಾಗುತ್ತದೆ. ಓದುಗರು ಪರೀಕ್ಷಿಸಿ ನೋಡಬಹುದು.

ಚಿನ್ನದ ಲೆಕ್ಕಗಳು ಹಟ್ಟಿಯ ಗಣಿ ಇರುವ ನಮ್ಮ ಜಿಲ್ಲೆಯವರಿಗೆ ಹತ್ತಿರವಾದವು. ಅಂದು ಅಪ್ಪಟ ಚಿನ್ನವೆಂದರೆ ಹದಿನಾರು ವರ್ಣ. ಬೇರೆ ಬೇರೆ ವರ್ಣದ ಚಿನ್ನವನ್ನು ಕರಗಿಸಿ ಕೂಡಿಸಿದರೆ ಆಗುವ ವರ್ಣವೆಷ್ಟು ಎಂಬುದಕ್ಕೆ ಆಚಾರ್ಯರು ಸೂತ್ರ ಕೊಟ್ಟಿದ್ದಾರೆ. ಉದಾಹರಣೆಗೆ, ಹತ್ತು ವರ್ಣದ 4 ತೂಕಕ್ಕೆ ಹದಿನೈದು ವರ್ಣದ 6 ತೂಕ ಸೇರಿಸಿದರೆ ಒಟ್ಟು 130. ಅದನ್ನು ಹತ್ತು ತೂಕಕ್ಕೆ ಹಂಚಿದರೆ 13 ವರ್ಣ.

ದಶಮಾನ ಸ್ಥಾನಬೆಲೆ ಆಚಾರ್ಯರಿಗೆ ಕರತಲಾಮಲಕ. ಏಕ, ದಶ, ಶತದಿಂದ ಆರಂಭಿಸಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಹೇಳಿದ್ದಾರೆ. 27994681ನ್ನು 441ರಿಂದ ಗುಣಿಸಿದರೆ 12345654321 ಬರುವ ಚಮತ್ಕಾರವನ್ನೂ ತೋರಿಸಿದ್ದಾರೆ. ಆದರೆ ಒಂದಕ್ಕಿಂತ ಕಿರಿದಾದ ಪಾಲಿಗೆ ಅವರು ಬಳಸಿದ್ದು ಭಿನ್ನರಾಶಿಗಳನ್ನೇ; ದಶಮಾಂಶ ಬಿಂದು ಬಹಳ ಶತಮಾನಗಳ ನಂತರದ್ದು. ನಮ್ಮ ಭಾಗದ ದಿನಬಳಕೆಗಂತೂ ಅದು ಬಂದದ್ದು 1957ರ ಏಪ್ರಿಲ್ 1ರಂದು, ಆಣೆ ಪೈ ಹೋಗಿ ನಯಾಪೈಸೆ ಬಂದಾಗ. ಅದಕ್ಕೂ ಮೊದಲು ನಿಜಾಮರ ಏಳು ಹಾಲಿ ಸಿಕ್ಕಾ ರೂಪಾಯಿಗೆ ಬ್ರಿಟಿಷ್ ಭಾರತದ ಆರು ರೂಪಾಯಿ ಎಂಬ ವಿನಿಮಯವನ್ನು ಬಾಯಲ್ಲೇ ಬಿಡಿಸುತ್ತಿದ್ದ ಹಿರಿಯರು ಅರಿಯದೆಯೇ ಆಚಾರ್ಯರ ತ್ರೈರಾಶಿಕವನ್ನು ಬಳಸುತ್ತಿದ್ದರು.

ಆ ತ್ರೈರಾಶಿಕ ಇಂದಿಗೂ ಬದಲಾಗಿಲ್ಲ. ದೇವದುರ್ಗ ಅಥವಾ ಮಾನ್ವಿಯ ರೈತರೊಬ್ಬರು 12 ಕ್ವಿಂಟಾಲ್ 75 ಕಿಲೋ ಹತ್ತಿಯನ್ನು ರಾಯಚೂರಿನ ಮಾರುಕಟ್ಟೆಗೆ ತಂದರೆಂದು ಭಾವಿಸೋಣ. ದರ ಕ್ವಿಂಟಾಲಿಗೆ 7,000 ರೂಪಾಯಿ ಇರಲಿ. ಒಂದು ಕ್ವಿಂಟಾಲ್ ಪ್ರಮಾಣ, 7,000 ಫಲ, 12.75 ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ 89,250 ರೂಪಾಯಿ. ತೂಕದ ಚೀಟಿಯಲ್ಲಿ ಬಿಂದು ಒಂದು ಮನೆ ಎಡಕ್ಕೆ ಸರಿದರೆ ಕೈಗೆ ಬರುವುದು 8,925 ಮಾತ್ರ. ಚೀಟಿಯನ್ನು ತಾವೇ ಓದಿ ತಾಳೆ ನೋಡಬಲ್ಲವರಿಗೂ ಓದಲಾರದವರಿಗೂ ಇರುವ ಅಂತರ ಒಂದು ವರ್ಷದ ದುಡಿಮೆಯಷ್ಟು.

ಆಚಾರ್ಯರು ತಪ್ಪದವರೇನಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆಂಬ ಅವರ ನಿಯಮ ನಿಲ್ಲುವಂಥದ್ದಲ್ಲ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅಷ್ಟು ಹಿಂದೆಯೇ ಸ್ಪಷ್ಟವಾಗಿ ಹೇಳಿದವರೂ ಅವರೇ.

ಗ್ರಂಥ ದಕ್ಷಿಣದಲ್ಲಿ ದೀರ್ಘಕಾಲ ಬಾಳಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿಯೇ 'ವ್ಯವಹಾರಗಣಿತ' ಬರೆದ. ಹಸ್ತಪ್ರತಿಗಳಲ್ಲಿ ಉಳಿದಿದ್ದ ಮೂಲವನ್ನು ಎಂ. ರಂಗಾಚಾರ್ಯರು ಸಂಪಾದಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಕನ್ನಡ ನೆಲದಲ್ಲಿ ಹುಟ್ಟಿದ ಈ ಗ್ರಂಥ ಪದ್ಮಾವತಮ್ಮನವರ ಕನ್ನಡ ಅನುವಾದದೊಂದಿಗೆ ಹೊಂಬುಜದಿಂದ ಪ್ರಕಟವಾದದ್ದು 2000ದಲ್ಲಿ, ರಚನೆಯಾಗಿ ಸುಮಾರು 1,150 ವರ್ಷಗಳ ತರುವಾಯ.